ರೋಗಿಯನ್ನೇ ಕೇಳದ ಉಯಿಲು

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟ ಎಷ್ಟೋ ರೋಗಿಗಳಿಗೆ ಮನೆಯವರು ಹೇಳಿರುವುದು ‘ಗಂಟು’, ‘ಹುಣ್ಣು’, ಹೆಚ್ಚೆಂದರೆ ‘ಗೆಡ್ಡೆ’. ರೇಡಿಯೇಷನ್ ಅಂದರೆ ‘ಕರೆಂಟ್ ಕೊಡೋದು’. ಬಯಾಪ್ಸಿ ವರದಿ ಹಿರಿಮಗನ ಚೀಲದಲ್ಲಿರುತ್ತದೆ. ಡಾಕ್ಟರ ಕೋಣೆಗೆ ಮಗನೋ ಅಳಿಯನೋ ಮೊದಲು ನುಗ್ಗಿ, ‘ಅಪ್ಪಾರ ಮುಂದೆ ಹೆಸರೆತ್ತಬೇಡಿ ಸಾರ್’ ಎಂದು ಕೇಳಿಕೊಂಡು ಬರುತ್ತಾನೆ. ಈ ಮುಚ್ಚುಮರೆ ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಕಡೆಗಾಲದಲ್ಲಿ ಹೃದಯ ನಿಂತಾಗ ಎದೆ ಒತ್ತಬೇಕೇ, ವೆಂಟಿಲೇಟರ್ ಹಾಕಬೇಕೇ ಎಂಬ ಪ್ರಶ್ನೆ ಬಂದರೆ, ಅದಕ್ಕೆ ಉತ್ತರಿಸಬೇಕಾದವರಿಗೆ ತಮ್ಮ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ.

2025ರ ಜನವರಿ ಕೊನೆಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಹೊರಡಿಸಿದ ಆದೇಶವನ್ನು ಈ ಹಿನ್ನೆಲೆಯಲ್ಲಿಟ್ಟು ಅಳೆಯಬೇಕು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತ್ತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರುವುದೇ ಕರ್ನಾಟಕದ ಆದೇಶದ ಉದ್ದೇಶ. ಕಡೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಸ್ವಸ್ಥ ಮನಸ್ಸಿನ ಯಾವುದೇ ವಯಸ್ಕರು ಮೊದಲೇ ‘ಲಿವಿಂಗ್ ವಿಲ್’ ಬರೆದಿಡಬಹುದು. ಇಬ್ಬರು ಸಾಕ್ಷಿಗಳು ಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿಯಾದರೆ ಸಾಕು. ತಾವು ಮಾತಾಡಲಾಗದ ಸ್ಥಿತಿಗೆ ಬಂದಾಗ ತಮ್ಮ ಪರವಾಗಿ ಯಾರು ತೀರ್ಮಾನಿಸಬೇಕೆಂದು ಅದರಲ್ಲೇ ಹೆಸರಿಸಬಹುದು.

ಇದರ ಬೇರು ಕನ್ನಡ ನೆಲದಲ್ಲೇ ಇದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಅವರ ಮೇಲೆ ಹಲ್ಲೆ ನಡೆಯಿತು. ಅಲ್ಲಿಂದ 2015ರ ಮೇ ತಿಂಗಳಲ್ಲಿ ತೀರಿಹೋಗುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯೇ ಅವರ ಜಗತ್ತಾಯಿತು. ಅವರ ಪ್ರಕರಣದ 2011ರ ತೀರ್ಪು ಈ ಚರ್ಚೆಗೆ ಬಾಗಿಲು ತೆರೆಯಿತು. 1997ರವರೆಗೆ ಚಿತ್ರದುರ್ಗ ಜಿಲ್ಲೆಯೊಳಗೇ ಇದ್ದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ವರ್ಷಗಟ್ಟಲೆ ಸರ್ಕಾರಕ್ಕೆ, ನ್ಯಾಯಾಲಯಕ್ಕೆ ಮೊರೆಯಿಟ್ಟಿದ್ದೂ ಘನತೆಯ ಸಾವಿಗಾಗಿ. ಅವರು ಕೇಳಿದ್ದು ದಯಾಮರಣ. ಆದೇಶ ಕೊಟ್ಟಿದ್ದು ಅದಲ್ಲ. ಫಲವಿಲ್ಲದ ಜೀವರಕ್ಷಕ ಚಿಕಿತ್ಸೆಯನ್ನು ಶುರು ಮಾಡದಿರಲು ಅಥವಾ ನಿಲ್ಲಿಸಲು ಮಾತ್ರ ಅದರಲ್ಲಿ ಅವಕಾಶವಿದೆ. ಈ ಎರಡನ್ನೂ ಬೆರೆಸಿ ಮಾತಾಡಿದಷ್ಟೂ ಹಳ್ಳಿಯ ಮನೆಗಳಲ್ಲಿ ಭಯವೇ ಹೆಚ್ಚುತ್ತದೆ.

ಹೃದಯ ನಿಂತಾಗ ಎದೆ ಒತ್ತುವ ಸಿಪಿಆರ್ ಕುರಿತ ಭ್ರಮೆಯೂ ದೊಡ್ಡದು. ಸಿನಿಮಾದಲ್ಲಿ ಎದೆ ಒತ್ತಿದ ಕೂಡಲೇ ಕಣ್ಣು ತೆರೆಯುತ್ತಾರೆ. ನಿಜದಲ್ಲಿ ವಯಸ್ಕರ ಎದೆಯನ್ನು ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕಾಗುತ್ತದೆ. ಪಕ್ಕೆಲುಬು ಮುರಿಯುವುದು ಅಪರೂಪವಲ್ಲ. ಹಠಾತ್ತಾಗಿ ಹೃದಯ ನಿಂತವರಿಗೆ ಇದು ಜೀವ ಕೊಡಬಹುದು. ಮೈಯೆಲ್ಲ ಹರಡಿದ ಕ್ಯಾನ್ಸರಿನ ಮಾತು ಬೇರೆ. ಆಸ್ಪತ್ರೆಯಲ್ಲಿ ಸಿಪಿಆರ್ ಪಡೆದ ಕ್ಯಾನ್ಸರ್ ರೋಗಿಗಳ ಬಗ್ಗೆ ನಡೆದ 42 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಬದುಕಿ ಮನೆಗೆ ಮರಳಿದವರು ಶೇ 6ರಷ್ಟು ಮಾತ್ರ.

ಇದು ತಿಳಿದರೆ ರೋಗಿಗಳು ಏನು ಹೇಳುತ್ತಾರೆ? ಅಮೆರಿಕದಲ್ಲಿ ಕ್ಯಾನ್ಸರ್ ಬಲಿತ 150 ಮಂದಿಯನ್ನು ಎರಡು ಗುಂಪು ಮಾಡಿ ಕೇಳಿದ್ದರು. ಫಲಿತಾಂಶ 2013ರಲ್ಲಿ ಬಂತು. ಮಾತಿನಲ್ಲಷ್ಟೇ ವಿವರಣೆ ಕೇಳಿದವರಲ್ಲಿ ಶೇ 48 ಮಂದಿ ಸಿಪಿಆರ್ ಬೇಕೆಂದರು. ಅದರ ಜತೆಗೆ ಮೂರು ನಿಮಿಷದ ವಿಡಿಯೊ ನೋಡಿದವರಲ್ಲಿ ಶೇ 20 ಮಂದಿ. ನೋಡಿದ ಮೇಲೂ ಐವರಲ್ಲಿ ಒಬ್ಬರು ‘ಬೇಕು’ ಎಂದಿದ್ದನ್ನು ಮರೆಯುವಂತಿಲ್ಲ. ಅವರ ಮಾತಿಗೂ ಅಷ್ಟೇ ಬೆಲೆಯಿದೆ. ಬೇಡ ಎನ್ನಿಸುವುದು ಈ ಮಾತುಕತೆಯ ಗುರಿಯಾದರೆ, ಅದು ಮುಚ್ಚುಮರೆಗಿಂತ ಕೆಟ್ಟದ್ದು.

ಇದೇ ಆದೇಶವನ್ನು ಹಿಡಿದು ಹೊಸದುರ್ಗಕ್ಕೆ ಬಂದರೆ ಅದರ ಮಿತಿ ಎದ್ದು ಕಾಣುತ್ತದೆ. ಚಿಕಿತ್ಸೆ ನಿಲ್ಲಿಸಲು ಮೂವರು ವೈದ್ಯರ ಪ್ರಾಥಮಿಕ ಮಂಡಳಿ ಬೇಕು. ಅದರ ಮೇಲೆ ಇನ್ನೊಂದು ಮೂವರ ಮಂಡಳಿ. ಎರಡರಲ್ಲೂ ಐದು ವರ್ಷ ಅನುಭವವಿರುವ ವಿಷಯತಜ್ಞರಿರಬೇಕು. ಆಮೇಲೆ ತೀರ್ಮಾನವನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ದುರುಪಯೋಗ ತಡೆಯಲು ಈ ಕಾವಲು ಬೇಕೇ ಬೇಕು. ಆದರೆ ಇದು ದೊಡ್ಡ ಊರಿನ ಐಸಿಯುವಿಗೆ ಹೊಂದುವ ಕ್ರಮ. ತಾಲ್ಲೂಕಿನ ರೋಗಿಯ ತೀರ್ಮಾನ ಆಗುವುದು ಅದಕ್ಕೆ ಎಷ್ಟೋ ಮೊದಲು, ರಾತ್ರಿ ಹೊತ್ತಿನಲ್ಲಿ, ಆಂಬುಲೆನ್ಸ್ ಹತ್ತಿಸುವಾಗ: ಚಿತ್ರದುರ್ಗಕ್ಕೋ, ದಾವಣಗೆರೆಗೋ, ಹೆದ್ದಾರಿ ಹಿಡಿದು 200 ಕಿಲೋಮೀಟರ್ ದೂರದ ಬೆಂಗಳೂರಿಗೋ? ದುಡ್ಡು ಮುಗಿದಾಗ ‘ನಮ್ಮ ಸ್ವಂತ ಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆ’ ಎಂದು ಸಹಿ ಹಾಕಿ ಮನೆಗೆ ತರುತ್ತಾರೆ. ಅಲ್ಲಿಗೆ ಚಿಕಿತ್ಸೆ ನಿಂತಿತು. ಮಂಡಳಿಯೂ ಇಲ್ಲ, ಮ್ಯಾಜಿಸ್ಟ್ರೇಟರೂ ಇಲ್ಲ, ನೋವಿಗೆ ಮಾತ್ರೆಯೂ ಇಲ್ಲ. ಕಾನೂನು ಅಷ್ಟು ಎಚ್ಚರದಿಂದ ಕಾಯುವ ತೀರ್ಮಾನ ಇಲ್ಲಿ ಯಾರೂ ತೆಗೆದುಕೊಳ್ಳದೆ ತಾನಾಗಿ ಆಗಿಹೋಗುತ್ತದೆ.

ಸತ್ಯ ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ ಎಂಬುದು ಮನೆಯವರ ವಾದ. ಆದರೆ ಈ ಸೀಮೆಯ ಹಿರಿಯರು ಸಾವಿನ ಮಾತಿಗೆ ಹಿಂಜರಿಯುವವರಲ್ಲ. ತಮ್ಮನ್ನು ತೋಟದ ಯಾವ ಮೂಲೆಯಲ್ಲಿ ಮಣ್ಣು ಮಾಡಬೇಕು, ಯಾವ ಮಗಳಿಗೆ ಯಾವ ಒಡವೆ ಎಂದು ಗಟ್ಟಿಮುಟ್ಟಾಗಿದ್ದಾಗಲೇ ಹೇಳಿಬಿಡುವ ಅಜ್ಜ, ಅಜ್ಜಿಯರು ಊರೂರಲ್ಲೂ ಇದ್ದಾರೆ. ಅಂಥವರಿಗೆ ತಮ್ಮ ಕಾಯಿಲೆಯ ಹೆಸರು ತಡೆದುಕೊಳ್ಳಲಾಗದು ಎಂದು ಮಕ್ಕಳು ತೀರ್ಮಾನಿಸುವುದರಲ್ಲಿ ಮಕ್ಕಳ ಅಂಜಿಕೆಯೇ ಹೆಚ್ಚು. 2010ರಲ್ಲಿ ಬಾಸ್ಟನ್ ನಗರದಿಂದ ಬಂದ ಅಧ್ಯಯನವೊಂದು ಈ ಅಂಜಿಕೆಗೆ ಒಳ್ಳೆಯ ಉತ್ತರ. ಹರಡಿದ ಶ್ವಾಸಕೋಶ ಕ್ಯಾನ್ಸರಿನ ರೋಗಿಗಳಿಗೆ ಮೊದಲಿನಿಂದಲೇ ಉಪಶಾಮಕ ಆರೈಕೆ ಕೊಟ್ಟಾಗ ಅವರು ಕೊನೆಯಲ್ಲಿ ಕಠಿಣ ಚಿಕಿತ್ಸೆಗಳನ್ನು ಕಡಿಮೆ ಪಡೆದರು. ಆದರೂ ಹೆಚ್ಚು ಕಾಲ ಬದುಕಿದರು. ಉಳಿದವರು ಬದುಕಿದ ಮಧ್ಯಮ ಅವಧಿ 8.9 ತಿಂಗಳಾದರೆ ಇವರದ್ದು 11.6 ತಿಂಗಳು.

ನೋವು ಇಳಿಯದೆ ಯಾವ ಆಯ್ಕೆಯೂ ಸ್ವತಂತ್ರವಲ್ಲ. ರಾತ್ರಿಯೆಲ್ಲ ನರಳಿದವರು ‘ನನ್ನನ್ನು ಬಿಟ್ಟುಬಿಡಿ’ ಎಂದರೆ ಅದನ್ನು ಲಿವಿಂಗ್ ವಿಲ್ ಎಂದು ಓದಬಾರದು. ಅದು ಮಾರ್ಫಿನ್‌ಗಾಗಿ ಇಟ್ಟ ಮೊರೆ. ಮಾರ್ಫಿನ್ ಪರವಾನಗಿಯ ತೊಡಕನ್ನು ಸಂಸತ್ತು 2014ರ ತಿದ್ದುಪಡಿಯಲ್ಲೇ ಸಡಿಲಿಸಿದೆ. ಬೆಂಗಳೂರಿನ ಕರುಣಾಶ್ರಯ ದಶಕಗಳಿಂದ ಕಡೆಗಾಲದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಆ ಬಗೆಯ ಆರೈಕೆ ಹೊಳಲ್ಕೆರೆಯ ಮನೆ ಬಾಗಿಲಿಗೆ ತಲುಪದಿದ್ದರೆ ಆದೇಶದ ಅರ್ಧ ಭಾಗ ಕಾಗದದಲ್ಲೇ ಉಳಿಯುತ್ತದೆ.

ಹಾಗೆಂದು ಆದೇಶವನ್ನು ತಳ್ಳಿಹಾಕುವಂತಿಲ್ಲ. ರೋಗಿಯ ಮಾತಿಗೆ ಕಾನೂನಿನ ಬಲ ಕೊಟ್ಟಿದ್ದು ದೊಡ್ಡ ಕೆಲಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲೇ ‘ಹೃದಯ ನಿಂತರೆ ಸಿಪಿಆರ್ ಬೇಡ’ ಎಂಬ ತೀರ್ಮಾನಕ್ಕೆ ಮಾರ್ಗಸೂಚಿ ಕೊಟ್ಟಿದೆ. ಆ ತೀರ್ಮಾನದ ಹೆಸರಲ್ಲಿ ಬೇರೆ ಆರೈಕೆ ನಿಲ್ಲಬಾರದು ಎಂದೂ ಅದರಲ್ಲಿದೆ. ಇವೆರಡೂ ಕೆಲಸಕ್ಕೆ ಬರಬೇಕಾದರೆ ಮಾತುಕತೆ ಐಸಿಯು ಬಾಗಿಲಲ್ಲಿ ಶುರುವಾಗಬಾರದು. ಕ್ಯಾನ್ಸರ್ ಗೊತ್ತಾದ ಮೊದಲ ವಾರಗಳಲ್ಲೇ, ತಾಲ್ಲೂಕು ಆಸ್ಪತ್ರೆಯಲ್ಲಿ, ರೋಗಿಯ ಭಾಷೆಯಲ್ಲಿ ಅದು ನಡೆಯಬೇಕು. ಚಿತ್ರದುರ್ಗದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಅಲ್ಲಿ ಕಲಿಯುವವರು ಎದೆ ಒತ್ತುವುದನ್ನು ಬೊಂಬೆಯ ಮೇಲೆ ಅಭ್ಯಾಸ ಮಾಡುವಂತೆಯೇ, ‘ನಿಮ್ಮ ಕಾಯಿಲೆ ಬಗ್ಗೆ ಎಷ್ಟು ತಿಳಿಯಬೇಕು ಅಂತೀರಿ? ನಿಮಗೆ ಮಾತಾಡೋಕೆ ಆಗದಿದ್ದರೆ ಯಾರನ್ನ ಕೇಳಲಿ? ಕೊನೆಗೆ ಎಲ್ಲಿರೋದು ಇಷ್ಟ?’ ಎಂದು ಕೇಳುವುದನ್ನೂ ಅಭ್ಯಾಸ ಮಾಡಬೇಕು. ಅದಕ್ಕೆ ಪರೀಕ್ಷೆಯಲ್ಲಿ ಅಂಕವೂ ಇರಬೇಕು.