ಸೆರೆಯಲ್ಲಿ ಕೆಡದ ಧಾನ್ಯ

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಬಡವರ ರಾಗಿ ಉಳ್ಳವರ ಭತ್ತವನ್ನು ಗೆದ್ದ ಕಥೆಯೆಂದೇ ಓದುತ್ತೇವೆ. ಜೋಳದ ಸೀಮೆಯವನಾದ ನನಗೆ ಅಲ್ಲೊಂದು ತೊಡಕು ಕಾಣುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ತೀರ್ಪು ನಿಂತದ್ದು ಧಾನ್ಯದ ಬಾಳಿಕೆಯ ಮೇಲೆ, ಉಂಡವರ ಮೈಮೇಲಲ್ಲ.

ತುಂಗಭದ್ರಾ ಕಾಲುವೆ ಬಂದು ಮಾನ್ವಿಯಲ್ಲಿ, ನಾರಾಯಣಪುರ ಬಲದಂಡೆ ಕಾಲುವೆ ಬಂದು ದೇವದುರ್ಗದಲ್ಲಿ ಎಷ್ಟೋ ಜೋಳದ ಹೊಲಗಳು ಗದ್ದೆಗಳಾದವು. 2013ರಲ್ಲಿ ಅನ್ನಭಾಗ್ಯ ಹಸಿದವರಿಗೆ ಅಕ್ಕಿ ಕೊಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರ ಜೋಳ, ರಾಗಿಗಳನ್ನು ಪೌಷ್ಟಿಕ ಧಾನ್ಯಗಳೆಂದು ಘೋಷಿಸಿತು. ಎರಡಕ್ಕೂ ಕಾರಣಗಳಿದ್ದವು. ಆದರೂ ಗಂಗಾಳದ ರೊಟ್ಟಿ ಅನ್ನವಾದ ಮೇಲೆ ಬಂದ ಈ ಉಪದೇಶವನ್ನು ಜನ ಅನುಮಾನದಿಂದ ಕೇಳಿದರೆ ಅದನ್ನು ಅಜ್ಞಾನ ಎನ್ನಲಾರೆ.

ರಾಯಚೂರಿನ ಅಂಗಡಿಯಲ್ಲಿ ‘ಓಟ್ಸ್’, ‘ರಾಗಿ’ ಎಂದು ದಪ್ಪಕ್ಷರದಲ್ಲಿ ಬರೆದ ನೂಡಲ್ಸ್ ಪೊಟ್ಟಣ ನೋಡಿದಾಗ ನನಗೆ ಆ ಸೆರೆಮನೆಯೇ ನೆನಪಾಗುತ್ತದೆ. ತಿಂಗಳುಗಟ್ಟಲೆ ಕೆಡದ ಪದಾರ್ಥಕ್ಕೆ ಧಾನ್ಯದ ಹೆಸರೇ ಆರೋಗ್ಯದ ಪ್ರಮಾಣಪತ್ರ. ಧಾನ್ಯವೆಷ್ಟು, ಉಪ್ಪೆಷ್ಟು ಎಂಬುದು ಹಿಂಬದಿಯ ಸಣ್ಣಕ್ಷರದಲ್ಲಿ.

ಕನಕದಾಸರ ಪ್ರಶ್ನೆ ಕುಲದ್ದು. ಅದಕ್ಕೆ ಆ ಪರೀಕ್ಷೆ ಸಾಕಿತ್ತು. ನಮ್ಮ ಪ್ರಶ್ನೆ ಊಟದ್ದು. ಗೆದ್ದ ಧಾನ್ಯ ಯಾವುದು ಎನ್ನುವುದಕ್ಕಿಂತ ಮೊದಲು, ಯಾವ ಅಳತೆಯಲ್ಲಿ ಗೆದ್ದಿತು ಎಂದು ಕೇಳಬೇಕಾಗಿದೆ.