ಹವಾಮಾನ ಮಾದರಿಗಳಲ್ಲಿ ಊರ್ಧ್ವ ವಾಯುಮಂಡಲದ ಸ್ಥಾನ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್‌ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ದುರಸ್ತಿಗಾಗಿ, ತುಂಬಿದ್ದ ಜಲಾಶಯದ ನೀರನ್ನು ನದಿಗೆ ಬಿಡಬೇಕಾಯಿತು. ಮರಿಯಮ್ಮನಹಳ್ಳಿಯ ಹಿನ್ನೀರಿನಿಂದ ಕಂಪ್ಲಿಯ ಗದ್ದೆಗಳವರೆಗೆ ಜನರ ಮುಂದಿದ್ದ ಪ್ರಶ್ನೆ ಒಂದೇ: ಉಳಿದ ಮಳೆಗಾಲದಲ್ಲಿ ಜಲಾಶಯ ಮತ್ತೆ ತುಂಬೀತೆ? ಇದಕ್ಕೆ ನಾಳಿನ ಮಳೆಯ ಸೂಚನೆ ಸಾಲದು. ವಾರಗಳಾಚೆಯ ಮುನ್ಸೂಚನೆ ಬೇಕು.

2025ರ ಮೇ 26ರಂದು ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಎಂಬ ಗಣಿತ ಮಾದರಿಯು ಲೋಕಾರ್ಪಣೆಗೊಂಡಿತು. ಹಿಂದಿನ ಸುಮಾರು 12 ಕಿ.ಮೀ. ಜಾಲಕ್ಕೆ ಬದಲಾಗಿ 6 ಕಿ.ಮೀ. ಜಾಲವನ್ನು ಹಾಸಿರುವುದು ಶ್ಲಾಘನೀಯವೇ. ಆದರೆ ಪ್ರಶಂಸೆಯೆಲ್ಲ ಹೆಚ್ಚಾಗಿ ಈ ಅಡ್ಡಳತೆಗೇ ಸಂದಿರುವುದು ಏಕಪಕ್ಷೀಯವೆಂದು ನಮಗೆ ತೋರುತ್ತದೆ. ಮಾದರಿಗೆ ಎತ್ತರವೂ ಉಂಟು. ಅದರ ಛಾವಣಿ ತಗ್ಗಾದರೆ, ಕೆಳಗಿನಿಂದ ಏರುವ ವಾಯುತರಂಗಗಳು ನಿಸರ್ಗದಲ್ಲಿಲ್ಲದ ರೀತಿಯಲ್ಲಿ ಅಲ್ಲಿ ತಾಕಿ ಹಿಂದಿರುಗಬಹುದು. ಅಮೆರಿಕದ ಜಾಗತಿಕ ಮಾದರಿಯು 2021ರಲ್ಲಿ ತನ್ನ 64 ಪದರಗಳನ್ನು 127ಕ್ಕೂ, ಸುಮಾರು 55 ಕಿ.ಮೀ.ನಷ್ಟಿದ್ದ ಛಾವಣಿಯನ್ನು 80 ಕಿ.ಮೀ.ಗೂ ಏರಿಸಿದ್ದು ನಿಷ್ಕಾರಣವಲ್ಲ.

ಊರ್ಧ್ವ ವಾಯುವಿನ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಸುಮಾರು 15 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಬೀಸುವ ತೀವ್ರ ವಾಯುಪ್ರವಾಹವನ್ನು ಪಿ. ಕೋಟೇಶ್ವರಂ ಅವರು 1958ರಲ್ಲಿ ವಿವರಿಸಿದರು. ಅದಕ್ಕೂ ಮೇಲೆ, ಸಮಭಾಜಕದ ಸ್ತರಗೋಳದಲ್ಲಿ ಸರಾಸರಿ 28 ತಿಂಗಳಿಗೊಂದು ಆವರ್ತದಲ್ಲಿ ಗಾಳಿ ಪೂರ್ವ ಪಶ್ಚಿಮಗಳ ನಡುವೆ ದಿಕ್ಕು ಬದಲಿಸುತ್ತದೆ. ಪದರಗಳು ವಿರಳವಾದ ಮಾದರಿಯಲ್ಲಿ ಈ ಆವರ್ತವು ಸಹಜವಾಗಿ ಮೂಡದು. ದೀರ್ಘಕಾಲದ ಹವಾಗುಣಕ್ಕೆ ನಿದರ್ಶನ ಪಿನಟುಬೊ ಜ್ವಾಲಾಮುಖಿ: 1991ರಲ್ಲಿ ಅದು ಸ್ತರಗೋಳಕ್ಕೆ ಚಿಮ್ಮಿಸಿದ ಗಂಧಕದ ಅನಿಲದಿಂದಾದ ಸೂಕ್ಷ್ಮ ಕಣಗಳು ಮರುವರ್ಷ ಭೂಮಿಯನ್ನು ಸುಮಾರು ಅರ್ಧ ಡಿಗ್ರಿ ತಂಪಾಗಿಸಿದವು. ಸ್ತರಗೋಳವನ್ನು ಕಡೆಗಣಿಸಿದ ಲೆಕ್ಕಕ್ಕೆ ಇದು ಸಿಕ್ಕುವಂತಿಲ್ಲ.

ಹಾಗೆಂದು ಛಾವಣಿ ಏರಿಸಿದೊಡನೆ ಎಲ್ಲ ದೋಷವೂ ನೀಗುವುದೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಸಂಡೂರಿನ ಬೆಟ್ಟಗಳ ಮೇಲೆ ಒಂದು ಸಂಜೆ ಸುರಿಯುವ ಗುಡುಗುಮಳೆಯ ವಿಷಯದಲ್ಲಿ ಸೂಕ್ಷ್ಮ ಜಾಲ, ಮೋಡಗಳ ನಿರೂಪಣೆ, ನೆಲದ ತೇವ ಇವೇ ಪ್ರಧಾನ. ಮಲೆನಾಡಿನ ಋತುಮಳೆಗೆ ಸಾಗರದ ಉಷ್ಣತೆಯೇ ಮುಖ್ಯ ಆಧಾರ. ಊರ್ಧ್ವ ವಾಯುಮಂಡಲದ ಪಾಲು ವಾರ, ಋತು, ದಶಕಗಳೆಂದು ಅವಧಿ ಬೆಳೆದಂತೆ ವ್ಯಕ್ತವಾಗುತ್ತದೆ. ಆದುದರಿಂದ ಮಾದರಿಯೊಂದರ ಗುಣಪರೀಕ್ಷೆ ಮಾಡುವವರು ‘ಜಾಲ ಎಷ್ಟು ಸೂಕ್ಷ್ಮ?’ ಎಂದು ಕೇಳಿದರಷ್ಟೇ ಸಾಲದು. ‘ಎಷ್ಟು ಎತ್ತರದವರೆಗೆ, ಯಾವ ಅವಧಿಗಾಗಿ?’ ಎಂದೂ ಕೇಳತಕ್ಕದ್ದು. ಜಲಾಶಯವನ್ನು ನಂಬಿ ಎರಡನೆಯ ಬೆಳೆಗೆ ಬೀಜ ಕೊಳ್ಳುವ ರೈತನಿಗೆ ಸಲ್ಲಬೇಕಾದ ಉತ್ತರ ಈ ಮೂರೂ ಪ್ರಶ್ನೆಗಳನ್ನು ಅವಲಂಬಿಸಿದೆ.