ಶಿರ್ವದ ಊಟಕ್ಕೆ ಸ್ಪೇನಿನ ವೈನು

ಅಗ್ಗದ ವೈನನ್ನು ಹೊಗಳುವವರು ಕಡಿಮೆ. ಹೊಗಳಿದರೂ "ಆ ಬೆಲೆಗೆ ವಾಸಿ" ಎಂಬ ಮಾತನ್ನು ಸೇರಿಸದೆ ಬಿಡುವುದಿಲ್ಲ. ಸ್ಪೇನಿನ ರಿಯೋಹಾ ಪ್ರಾಂತದ 'ಕ್ರಿಯಾಂಜಾ' ಎಂಬ ಕೆಂಪು ವೈನಿಗೆ ಇಂಥ ರಿಯಾಯಿತಿ ಬೇಕಿಲ್ಲವೆಂದು ನನ್ನ ಅಭಿಪ್ರಾಯ. ಕ್ರಿಯಾಂಜಾ ಎಂದರೆ ಆ ಭಾಷೆಯಲ್ಲಿ ಸಾಕಿ ಬೆಳೆಸುವುದು. ಹೆಸರಿಗೆ ತಕ್ಕಂತೆ ಅದನ್ನು ಕನಿಷ್ಠ 2 ವರ್ಷ ಬೆಳೆಸಿಯೇ ಮಾರಬೇಕು. ಅದರಲ್ಲಿ 1 ವರ್ಷವಾದರೂ 225 ಲೀಟರಿನ ಓಕ್ ಮರದ ಪೀಪಾಯಿಯಲ್ಲಿ ಕಳೆದಿರಬೇಕು. ಹೀಗಿದ್ದೂ ಅಲ್ಲಿ ಒಳ್ಳೆಯ ಬಾಟಲಿಯೊಂದು 10 ಯೂರೋ ಒಳಗೇ ದೊರೆಯುತ್ತದೆ.

ಶಿರ್ವದ ಕ್ರೈಸ್ತ ಮನೆಗಳಲ್ಲಿ ವೈನೆಂದರೆ ಕ್ರಿಸ್ಮಸಿಗೆಂದು ಭರಣಿಯಲ್ಲಿ ಹಾಕಿದ ಕಪ್ಪು ದ್ರಾಕ್ಷಿಯದು. ಸಕ್ಕರೆ ಧಾರಾಳ; ಕುಸ್ವಾರಿನ ಜೊತೆಗೆ ಪುಟ್ಟ ಗ್ಲಾಸಿನಲ್ಲಿ ಕೊಡುತ್ತಾರೆ. ಕೊಲ್ಲಿಯಿಂದ ರಜೆಗೆ ಬಂದ ಮಗ ಪೆಟ್ಟಿಗೆಯಿಂದ ಕ್ರಿಯಾಂಜಾ ತೆಗೆದರೆ, ಆ ಸಿಹಿಗೆ ಒಗ್ಗಿದ ನಾಲಗೆ "ಹುಳಿ, ಒಗರು" ಎಂದು ತಳ್ಳಿಬಿಡುತ್ತದೆ. ಹೇಳಿದ್ದೇನೋ ಸುಳ್ಳಲ್ಲ, ಕುಡಿದ ಹೊತ್ತು ಸರಿಯಲ್ಲ. ಭರಣಿಯ ವೈನು ತಿಂಡಿಯ ಜೊತೆಗಾರ, ಇದು ಊಟದ್ದು. ಅದರ ಹುಳಿ ಒಗರುಗಳು ಇರುವುದೇ ಮುಂದಿನ ತುತ್ತಿಗೆ ಬಾಯನ್ನು ತೊಳೆದಿಡಲು. ನಮ್ಮ ಎಲೆಯಲ್ಲಿ ಮಜ್ಜಿಗೆ ಮಾಡುವ ಕೆಲಸ.

ಯಾವ ತುತ್ತು ಎಂಬುದು ಮಾತ್ರ ಮುಖ್ಯ. ಬಂಗುಡೆ ಸಾರಿಗೆ ಖಂಡಿತ ಬೇಡ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯೊಡನೆ ಕೂಡಿ ಬಾಯಲ್ಲಿ ನಾತ ಉಳಿಸುತ್ತದೆ. ಹಂದಿ ಬಾಫತ್ತಿನ ಕೊಬ್ಬಿಗೆ ಈ ಒಗರು ಒಳ್ಳೆಯ ಮದ್ದು, ಆದರೆ ಖಾರ ಕೈಮಿಕ್ಕಿದರೆ ವೈನಿನ ಮದ್ಯಸಾರ ಉರಿಗೆ ಉರಿ ಸೇರಿಸುತ್ತದೆ. ಖಾರಕ್ಕಿಂತ ಬಣ್ಣವೇ ಹೆಚ್ಚಾದ ಬ್ಯಾಡಗಿ ಮೆಣಸಿನ ಬಾಫತ್ತು, ಅದೂ ಮರುದಿನ ಕಾಯಿಸಿದ್ದು, ಹೊಂದುತ್ತದೆ. ನನ್ನ ಮೆಚ್ಚುಗೆ ಕೋರಿರೊಟ್ಟಿಗೆ. ತೆಂಗಿನ ಹಾಲು ಖಾರವನ್ನೂ ಒಗರನ್ನೂ ಒಟ್ಟಿಗೆ ತಣಿಸುತ್ತದೆ. ಇನ್ನೂ ಒಂದು ನಂಟಿದೆ. ರಿಯೋಹಾದವರು ಬಹುಕಾಲದಿಂದ ಅಮೆರಿಕದ ಓಕನ್ನು ಮೆಚ್ಚಿದವರು. ಆ ಮರ ವೆನಿಲ್ಲಾದ ಜೊತೆಗೆ ತೆಂಗಿನ ವಾಸನೆಯನ್ನೂ ವೈನಿಗೆ ಬಿಡುತ್ತದೆ. ಪರದೇಶದ ಪಂಡಿತರು ಮೂಸಿ ಮೂಸಿ ಕಂಡುಕೊಳ್ಳುವುದನ್ನು ಶಿರ್ವದ ಯಾವ ಗೃಹಿಣಿಯೂ ಗ್ಲಾಸು ಮೂಗಿನ ಹತ್ತಿರ ತಂದೊಡನೆ ಹೇಳಿಯಾಳು: ಒಣ ಕೊಬ್ಬರಿ!

ದೂರುವುದಕ್ಕೂ ಇದೆ. ಕೆಲವು ಬಾಟಲಿಗಳಲ್ಲಿ ಮರವೇ ಮಾತಾಡುತ್ತದೆ, ಟೆಂಪ್ರಾನಿಯೋ ಹಣ್ಣು ಬಾಯಿ ತೆರೆಯುವುದಿಲ್ಲ. ಅದಕ್ಕಿಂತ ದೊಡ್ಡ ದೂರು ವೈನಿನ ಮೇಲಲ್ಲ. ಭಾರತ ವರ್ಷಗಟ್ಟಲೆ ಪರದೇಶದ ವೈನಿಗೆ ಶೇಕಡಾ 150ರ ಸುಂಕ ಹಾಕಿತು. ಅದರ ಮೇಲೆ ರಾಜ್ಯದ ಅಬಕಾರಿ. ಅಲ್ಲಿ ಬಡಗಿಯೂ ಮಧ್ಯಾಹ್ನದ ಊಟಕ್ಕೆ ಕುಡಿಯುವಂಥದು ಇಲ್ಲಿ ಔತಣದ ಮೇಜನ್ನೇರಿತು. ಏರಿದ ಮೇಲೆ ಅದನ್ನು ಅನ್ನದ ಪಕ್ಕಕ್ಕೆ ಇಳಿಸುವವರಿಲ್ಲ. ಊಟಕ್ಕೆ ಮೊದಲೇ ಗುಟುಕರಿಸಿ ಮೆಚ್ಚುತ್ತಾರೆ, ಅಲ್ಲಿಗೆ ಅದರ ಗುಣವೆಲ್ಲ ವ್ಯರ್ಥ. ನಮ್ಮ ನಂದಿಬೆಟ್ಟದ ಕಡೆಯ ಗ್ರೋವರ್ ಕಂಪನಿಯ 'ಲಾ ರಿಸರ್ವ್' ಕೂಡ ಓಕಿನಲ್ಲಿ ಬೆಳೆದದ್ದೇ. ಒಳ್ಳೆಯ ವೈನು, ಆದರೆ ನನ್ನ ನಾಲಗೆಗೆ ಅದು ಹೆಚ್ಚು ಗಡುಸು. ದಿನದ ಅನ್ನದ ಜೊತೆ ಬೆರೆಯುವ ಸ್ವಭಾವದ್ದಲ್ಲ.

ಕೊಳ್ಳುವ ವಾಚಕರು ಬಾಟಲಿಯ ಹಿಂಬದಿಯ ಮುದ್ರೆ ನೋಡಲಿ. ರಿಯೋಹಾದ ಕ್ರಿಯಾಂಜಾಕ್ಕೆ ಅದು ಕೆಂಪು. ನಮ್ಮ ಕರಾವಳಿಯ ಸೆಖೆಯಲ್ಲಿ ಕೆಂಪು ವೈನನ್ನು ಹಾಗೆಯೇ ಸುರಿಯಬಾರದು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ರೊಟ್ಟಿ ಸಾರಿನಲ್ಲಿ ನೆನೆದು ಮೆತ್ತಗಾಗುವ ಮೊದಲೇ ಹೊರಗೆ ತೆಗೆಯಿರಿ.